ನೆರಳಿನ ಮರಗಳಿಗೆ ಶಲ್ಕಕೀಟಗಳ ಬಾಧೆ: ಗುರುತು, ಕಾರಣ ಮತ್ತು ಹತೋಟಿ

ಮಹಾನಗರಗಳ ವಸತಿ ಸಂಕೀರ್ಣಗಳಲ್ಲಿ ಬಾಳುತ್ತಿರುವ ಕನ್ನಡ ಕುಟುಂಬಗಳಿಗೆ ಮನೆಯ ಹಿತ್ತಲೆಂಬುದು ಇಲ್ಲ. ಇರುವುದು ಸೊಸೈಟಿಯ ಆವರಣದ ನಾಲ್ಕಾರು ಮರಗಳು ಮಾತ್ರ. ಒಂದು ಮಳೆಮರ, ಎರಡು ಗುಲ್‌ಮೊಹರ್, ಗೋಡೆಯ ಬದಿಗೆ ದೇವಕಣಗಿಲೆ, ಒಂದು ಬೇವು, ಮುಂಬಾಗಿಲ ಇಕ್ಕೆಲದಲ್ಲಿ ದಾಸವಾಳ. ಈ ಮರಗಳ ಎಲೆ ಜಿಗುಟಾಗತೊಡಗಿದಾಗ, ಕೆಳಗೆ ನಿಲ್ಲಿಸಿದ ಕಾರುಗಳ ಗಾಜಿನ ಮೇಲೆ ಅಂಟು ಹನಿಗಳು ಬಿದ್ದಾಗ, ಕೊಂಬೆಗಳಿಗೆ ಕಪ್ಪು ಮಸಿ ಹತ್ತಿದಾಗ ವಾರ್ಷಿಕ ಸಭೆಯಲ್ಲಿ ಸಾಮಾನ್ಯವಾಗಿ ಎರಡು ಸಲಹೆಗಳು ಬರುತ್ತವೆ. ಮರವನ್ನು ಕಡಿಸಿಬಿಡೋಣ ಎಂಬುದು ಒಂದು; ಯಾವುದಾದರೂ ಬಲವಾದ ವಿಷವನ್ನು ಸಿಂಪಡಿಸಿಬಿಡೋಣ ಎಂಬುದು ಇನ್ನೊಂದು. ಎರಡೂ ಬಹುಮಟ್ಟಿಗೆ ತಪ್ಪು ಸಲಹೆಗಳೇ. ಈ ಲಕ್ಷಣಗಳ ಹಿಂದೆ ಹೆಚ್ಚಿನ ಸಂದರ್ಭಗಳಲ್ಲಿ ಇರುವುದು ಶಲ್ಕಕೀಟಗಳೆಂಬ ಸಣ್ಣ ರಸಹೀರುವ ಜೀವಿಗಳ ವರ್ಗ. ಅವುಗಳ ಜೀವನಕ್ರಮವನ್ನು ತಿಳಿದವರು ಅಲ್ಪ ವೆಚ್ಚದಲ್ಲಿಯೇ ಮರವನ್ನು ಉಳಿಸಿಕೊಳ್ಳಬಲ್ಲರು.

ಇದು ಕೇವಲ ಅಂದಚೆಂದದ ಪ್ರಶ್ನೆಯಲ್ಲ. 2010ರ ದಶಕದಲ್ಲಿ ಮುಂಬಯಿಯ ಹಲವು ಬಡಾವಣೆಗಳಲ್ಲಿ ದಶಕಗಳಷ್ಟು ಹಳೆಯದಾದ ಮಳೆಮರಗಳು ಒಂದರ ಹಿಂದೆ ಒಂದರಂತೆ ಎಲೆ ಉದುರಿಸಿ ಒಣಗಿ ನಿಂತುದನ್ನು ಅಲ್ಲಿನ ನಿವಾಸಿಗಳು ಕಂಡಿದ್ದಾರೆ. ಆಗ ಮುಖ್ಯವಾಗಿ ಕೇಳಿಬಂದ ಹೆಸರು ಶಲ್ಕಕೀಟಗಳ ಬಳಗಕ್ಕೇ ಸೇರಿದ ಹಿಟ್ಟುತಿಗಣೆಯದು. ಅದರೊಡನೆ ಬುಡದವರೆಗೂ ಹಾಕಿದ ಕಾಂಕ್ರೀಟು, ಕೇಬಲ್ ಗುಂಡಿಗಳಲ್ಲಿ ತುಂಡಾದ ಬೇರು ಇವೂ ಚರ್ಚೆಗೆ ಬಂದವು. ಕೀಟವೊಂದೇ ಕಾರಣವೇ, ಕೀಟಕ್ಕೆ ಹಾದಿ ಮಾಡಿಕೊಟ್ಟ ನಮ್ಮ ನಗರಜೀವನವೇ ಕಾರಣವೇ ಎಂಬ ಪ್ರಶ್ನೆಗೆ ಮುಂದೆ ಬರೋಣ.

ಶಲ್ಕಕೀಟ ಎಂದರೇನು?

ಗಿಡಹೇನು, ಬಿಳಿನೊಣಗಳ ಹತ್ತಿರದ ಸಂಬಂಧಿಗಳಾದ ಈ ಕೀಟಗಳು ನೋಡುವುದಕ್ಕೆ ಕೀಟಗಳಂತೆ ಕಾಣುವುದಿಲ್ಲ. ಕೊಂಬೆಗೆ ಅಂಟಿದ ಮೀನಿನ ಹುರುಪೆಯಂತೆಯೋ, ಒಣಗಿದ ಮೇಣದ ಹನಿಯಂತೆಯೋ, ಹತ್ತಿಯ ಚೂರಿನಂತೆಯೋ ತೋರುತ್ತವೆ. ತಾಯಿಯ ದೇಹದಡಿಯಲ್ಲಿ ಮೊಟ್ಟೆಯೊಡೆದು ಹೊರಬರುವ ಮರಿಗೆ ಮಾತ್ರ ನಡೆದಾಡುವ ಶಕ್ತಿಯುಂಟು. ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದಾದ ಈ ತೆವಳುಮರಿಯು ಆರು ಕಾಲುಗಳಿಂದ ಕೆಲವು ಗಂಟೆಗಳ ಕಾಲ, ಹೆಚ್ಚೆಂದರೆ ಒಂದೆರಡು ದಿನ, ಅಲೆದಾಡಿ ತಕ್ಕ ಸ್ಥಳವನ್ನು ಆರಿಸಿಕೊಂಡು ಕೂದಲಿನಂಥ ಕೊಂಡಿಯನ್ನು ತೊಗಟೆಯೊಳಗೆ ಇಳಿಸಿ ಕುಳಿತುಬಿಡುತ್ತದೆ. ಬಹುಪಾಲು ಜಾತಿಗಳಲ್ಲಿ ಹೆಣ್ಣು ಮುಂದೆ ಅಲ್ಲಿಂದ ಕದಲುವುದಿಲ್ಲ. ಅದಕ್ಕೆ ರೆಕ್ಕೆ ಬರುವುದೇ ಇಲ್ಲ. ಗಂಡಿಗೆ ಒಂದು ಜೊತೆ ರೆಕ್ಕೆ ಬರುತ್ತದೆ, ಆದರೆ ಬಾಯಿ ಇರುವುದಿಲ್ಲ. ಒಂದೆರಡು ದಿನ ಬದುಕಿ ಸಾಯುತ್ತದೆ. ಅನೇಕ ಜಾತಿಗಳಲ್ಲಿ ಗಂಡಿನ ಅವಶ್ಯಕತೆಯೂ ಇಲ್ಲದೆ ಸಂತಾನ ಬೆಳೆಯುತ್ತದೆ.

ಹೀಗೆ ಕುಳಿತಲ್ಲೇ ಕುಳಿತಿರುವ ಪ್ರಾಣಿಯು ಒಂದು ಮರದಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತದೆ? ತೆವಳುಮರಿಗಳನ್ನು ಗಾಳಿ ಒಯ್ಯುತ್ತದೆ, ಹಕ್ಕಿಗಳ ಕಾಲು ಒಯ್ಯುತ್ತದೆ, ಇರುವೆಗಳು ಒಯ್ಯುತ್ತವೆ. ಎಲ್ಲಕ್ಕಿಂತ ದೂರಕ್ಕೆ ಒಯ್ಯುವವರು ನಾವು. ನರ್ಸರಿಯಿಂದ ತಂದ ಸಸಿಯಲ್ಲಿ, ಮಾಲಿಯ ಕತ್ತರಿಯಲ್ಲಿ, ಕಡಿದ ಕೊಂಬೆಗಳನ್ನು ಸಾಗಿಸುವ ಲಾರಿಯಲ್ಲಿ ಇವು ಪ್ರಯಾಣಿಸುತ್ತವೆ. ಅಲಂಕಾರಕ್ಕೆಂದು ಬೆಳೆಸುವ ಸೈಕಸ್ ಗಿಡದ ಶಲ್ಕಕೀಟವು ಆಗ್ನೇಯ ಏಷ್ಯಾದಿಂದ ಹೊರಟು 1996ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕಾಣಿಸಿಕೊಂಡದ್ದು ಹೀಗೆ ಗಿಡಗಳ ವ್ಯಾಪಾರದ ಜಾಡಿನಲ್ಲಿಯೇ.

ಪೀಡಕರ ನಡುವೆ ಒಬ್ಬ ಉಪಕಾರಿ

ಈ ಬಳಗದ ಬಗೆಗೆ ಬರೆಯುವಾಗ ನ್ಯಾಯಕ್ಕಾಗಿಯಾದರೂ ಅರಗಿನ ಹುಳುವನ್ನು ನೆನೆಯಬೇಕು. ಮಹಾಭಾರತದ ಅರಗಿನ ಮನೆಯಿಂದ ಹಿಡಿದು ಚನ್ನಪಟ್ಟಣದ ಬೊಂಬೆಗಳ ಹೊಳಪಿನವರೆಗೆ ನಾವು ಬಳಸುತ್ತ ಬಂದಿರುವ ಅರಗು ಒಂದು ಶಲ್ಕಕೀಟದ ಹೆಣ್ಣು ತನ್ನ ರಕ್ಷಣೆಗಾಗಿ ಸ್ರವಿಸುವ ರಾಳವೇ ಆಗಿದೆ. ಮುತ್ತುಗ, ಬೋರೆ, ಕುಸುಮದ ಮರಗಳು ಅದರ ತವರು. ಥಾಯ್ಲೆಂಡಿನಲ್ಲಿ ಅದನ್ನು ಮಳೆಮರದ ಮೇಲೆಯೇ ಸಾಕುತ್ತಾರೆ. ಮೈಸೂರಿನಲ್ಲಿ 1937ರಲ್ಲಿ ಸ್ಥಾಪನೆಯಾದ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್, ಇಂದು ಚುನಾವಣೆಯ ಅಳಿಸಲಾಗದ ಶಾಯಿಯನ್ನು ತಯಾರಿಸುವುದಕ್ಕೆ ಹೆಸರಾಗಿರುವ ಅದೇ ಸಂಸ್ಥೆ, ತನ್ನ ಮೊದಲ ಹೆಸರಿನಲ್ಲಿ ಹೊತ್ತಿದ್ದುದು ಈ ಹುಳುವಿನ ಕಸುಬನ್ನೇ.

ಇನ್ನೊಂದು ಕಥೆ ಪಾಪಾಸುಕಳ್ಳಿಯದು. ಕಳ್ಳಿಯ ಮೇಲೆ ಬೆಳೆಯುವ ಕೆಂಪುಬಣ್ಣದ ಕೀಟದಿಂದ ಬೆಲೆಬಾಳುವ ಬಣ್ಣ ತೆಗೆಯಬಹುದೆಂಬ ಆಸೆಯಿಂದ 1795ರಲ್ಲಿ ಬ್ರೆಜಿಲಿನಿಂದ ಭಾರತಕ್ಕೆ ಕೀಟವೊಂದನ್ನು ತರಲಾಯಿತು. ತಂದದ್ದು ಬೇಕಾದ ಜಾತಿಯಲ್ಲ, ಅದರ ಸೋದರ ಜಾತಿ. ಬಣ್ಣದ ಉದ್ಯಮ ಏಳಲಿಲ್ಲ, ಆದರೆ ಆ ಕೀಟವು ಪಾಪಾಸುಕಳ್ಳಿಯ ಒಂದು ಜಾತಿಯನ್ನು ತಿಂದು ಹಾಕಿತು. ಕಳೆಯನ್ನು ಕೀಟದಿಂದ ಹತೋಟಿಗೆ ತಂದ ಮೊದಲ ಉದಾಹರಣೆಗಳಲ್ಲಿ ಇದನ್ನು ವಿಜ್ಞಾನಿಗಳು ಎಣಿಸುತ್ತಾರೆ. ಕುಳಿತಲ್ಲಿಂದ ಏಳದ ಈ ಅಲ್ಪಪ್ರಾಣಿಯು ಮನಸ್ಸು ಮಾಡಿದರೆ ಒಂದು ಸಸ್ಯವನ್ನೇ ನಾಡಿನಿಂದ ಅಳಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮೂರು ಬಗೆಗಳು, ಮೂರು ಬಗೆಯ ಉಪಾಯ

ಹತೋಟಿಗೆ ಕೈಹಾಕುವ ಮೊದಲು ಎದುರಿಗಿರುವುದು ಯಾವ ಬಗೆಯೆಂದು ತಿಳಿಯುವುದು ಅತ್ಯಗತ್ಯ. ಇಲ್ಲಿ ತಪ್ಪಿದರೆ ಮುಂದಿನ ಖರ್ಚೆಲ್ಲ ವ್ಯರ್ಥ.

ಮೊದಲನೆಯದು ಕವಚಶಲ್ಕ. ಇದು ತನ್ನ ಮೈಯ ಮೇಲೆ ಮೇಣ ಮತ್ತು ಕಳಚಿದ ಪೊರೆಗಳಿಂದ ಪ್ರತ್ಯೇಕವಾದ ಒಂದು ಗುರಾಣಿಯನ್ನು ಕಟ್ಟಿಕೊಳ್ಳುತ್ತದೆ. ಉಗುರಿನಿಂದ ಗುರಾಣಿಯನ್ನು ಎತ್ತಿದರೆ ಮೆತ್ತನೆಯ ಕೀಟ ಕೊಂಬೆಯ ಮೇಲೆಯೇ ಉಳಿಯುತ್ತದೆ. ಸಾಮಾನ್ಯವಾಗಿ ಎರಡು ಮೂರು ಮಿಲಿಮೀಟರಿಗಿಂತ ದೊಡ್ಡದಲ್ಲ. ಇದು ಸಿಹಿ ಅಂಟನ್ನು ಸುರಿಸುವುದಿಲ್ಲ. ಆದ್ದರಿಂದ ಮಸಿಯೂ ಇರುವುದಿಲ್ಲ, ಇರುವೆಗಳೂ ಬರುವುದಿಲ್ಲ, ಬಾಧೆ ಗಮನಕ್ಕೆ ಬರುವ ಹೊತ್ತಿಗೆ ಕೊಂಬೆ ಒಣಗಿರುತ್ತದೆ. ಬೇವಿನ ಮರವನ್ನು ಪೀಡಿಸುವ ಹಳದಿ ಶಲ್ಕವು ಈ ಗುಂಪಿನದು. ಭಾರತದಿಂದ ಬೇವನ್ನು ಕೊಂಡೊಯ್ದ ಆಫ್ರಿಕಾದ ಚಾಡ್ ಸರೋವರದ ಸುತ್ತಲಿನ ಪ್ರದೇಶದಲ್ಲಿ ಬೇವಿನ ಮರಗಳು ದೊಡ್ಡ ಪ್ರಮಾಣದಲ್ಲಿ ಸೊರಗಿದಾಗ ಈ ಕೀಟವನ್ನೇ ಗುರುತಿಸಲಾಗಿತ್ತು.

ಎರಡನೆಯದು ಮೃದುಶಲ್ಕ. ಇದರ ಹೊದಿಕೆ ಮೈಗೆ ಕೂಡಿಕೊಂಡೇ ಇರುತ್ತದೆ, ಬಿಡಿಸಲು ಬಾರದು. ಗಾತ್ರದಲ್ಲಿ ದೊಡ್ಡದು, ಗುಮ್ಮಟದಂತೆ ಉಬ್ಬಿರುತ್ತದೆ. ಮರದ ಆಹಾರರಸದ ನಾಳಕ್ಕೇ ಕೊಂಡಿ ಹಾಕುವುದರಿಂದ ತನಗೆ ಬೇಡವಾದಷ್ಟು ಸಕ್ಕರೆಯನ್ನು ಹಿಂಬದಿಯಿಂದ ಹನಿಹನಿಯಾಗಿ ಹೊರಹಾಕುತ್ತದೆ. ಕಾಫಿ ತೋಟದ ನಂಟಿರುವವರು ಬಲ್ಲ ಹಸಿರು ತಿಗಣೆ ಇದೇ ಗುಂಪಿನದು.

ಮೂರನೆಯದು ಹಿಟ್ಟುತಿಗಣೆ. ಇದಕ್ಕೆ ಚಿಪ್ಪಿಲ್ಲ, ಮೈತುಂಬ ಬಿಳಿ ಮೇಣದ ಹುಡಿ. ಬೆಳೆದ ಮೇಲೂ ನಿಧಾನವಾಗಿ ನಡೆಯಬಲ್ಲದು. ದಾಸವಾಳದ ಕುಡಿಗಳನ್ನು ಮುರುಟಿಸುವ ಗುಲಾಬಿ ಹಿಟ್ಟುತಿಗಣೆಯನ್ನು ನೋಡದ ಗೃಹಿಣಿಯರು ಇರಲಾರರು. ಅಂಟಿನ ಮಟ್ಟಿಗೆ ಇದೂ ಮೃದುಶಲ್ಕದ ಹಾಗೆಯೇ.

ಅಂಟು ಬಿದ್ದಲ್ಲೆಲ್ಲ ಬೆಳೆಯುವ ಕಪ್ಪು ಬೂಷ್ಟನ್ನು ಮರದ ರೋಗವೆಂದು ತಿಳಿದು ಶಿಲೀಂಧ್ರನಾಶಕ ಸಿಂಪಡಿಸುವವರಿದ್ದಾರೆ. ಬೂಷ್ಟು ಮರವನ್ನು ತಿನ್ನುವುದಿಲ್ಲ, ಸಕ್ಕರೆಯನ್ನು ತಿನ್ನುತ್ತದೆ. ಕೀಟ ನಿಂತರೆ ಅಂಟು ನಿಲ್ಲುತ್ತದೆ, ಅಂಟು ನಿಂತರೆ ಮಸಿ ಮಳೆಗೆ ಕಳಚಿ ಬೀಳುತ್ತದೆ. ಮಳೆಮರಕ್ಕೆ ಆ ಹೆಸರು ಬಂದ ಬಗೆಗೆ ಇರುವ ವಿವರಣೆಗಳಲ್ಲೊಂದು ಇದಕ್ಕೆ ಸಂಬಂಧಿಸಿದ್ದೇ ಆಗಿದೆ: ದಕ್ಷಿಣ ಅಮೆರಿಕದಲ್ಲಿ ಮರದಿಂದ ಮಳೆ ಸುರಿಯುತ್ತದೆಂದು ಜನ ಹೇಳಿದುದನ್ನು ಪರೀಕ್ಷಿಸಿದ 19ನೆಯ ಶತಮಾನದ ಸಸ್ಯವಿಜ್ಞಾನಿ ರಿಚರ್ಡ್ ಸ್ಪ್ರೂಸ್ ಕಂಡದ್ದು ಕೊಂಬೆಗಳಲ್ಲಿ ಕುಳಿತು ರಸ ಹೀರಿ ನೀರು ಚಿಮ್ಮಿಸುತ್ತಿದ್ದ ಜೀರುಂಡೆಗಳನ್ನು. ತಮಿಳರು ಈ ಮರವನ್ನು ತೂಂಗುಮೂಂಜಿ ಎನ್ನುತ್ತಾರೆ, ತೆಲುಗರು ನಿದ್ರಗನ್ನೇರು ಎನ್ನುತ್ತಾರೆ. ಸಂಜೆಗೆ ಎಲೆ ಮಡಚಿ ಮಲಗುವುದನ್ನು ಅವರು ಗಮನಿಸಿದರು.

ಗುರುತಿಸುವಾಗ ಎಚ್ಚರ

ಎಲೆ ಒಣಗಿದ ಪ್ರತಿ ಮರಕ್ಕೂ ಶಲ್ಕಕೀಟವನ್ನು ಹೊಣೆ ಮಾಡಬಾರದು. ಹೈದರಾಬಾದಿನ ಓದುಗರಿಗೆ 2021ರಲ್ಲಿ ತೆಲಂಗಾಣದ ಉದ್ದಗಲಕ್ಕೂ ಬೇವಿನ ಮರಗಳ ತುದಿಗಳು ಸುಟ್ಟಂತೆ ಕಂದಿದುದು ನೆನಪಿರಬಹುದು. ಅದು ಶಿಲೀಂಧ್ರವೊಂದು ತರುವ ತುದಿಒಣಗು ರೋಗ, ಜೊತೆಗೆ ಚಹಾ ಸೊಳ್ಳೆತಿಗಣೆಯ ಕಡಿತ. ಅದಕ್ಕೂ ಶಲ್ಕಕೀಟಕ್ಕೂ ಸಂಬಂಧವಿಲ್ಲ. ಬಹಳಷ್ಟು ಮರಗಳು ಮುಂದೆ ತಾವಾಗಿಯೇ ಚಿಗುರಿದವು. ಅವಸರಪಟ್ಟು ಕಡಿಸಿದವರು ಮರವನ್ನು ಕಳೆದುಕೊಂಡರು.

ಶಲ್ಕವೇ ಹೌದೆಂದು ಖಚಿತವಾದ ಮೇಲೂ ಅದು ಬದುಕಿದೆಯೇ ಎಂದು ನೋಡಬೇಕು. ಸತ್ತ ಶಲ್ಕಗಳ ಚಿಪ್ಪುಗಳು ತಿಂಗಳುಗಟ್ಟಲೆ ಕೊಂಬೆಗೆ ಅಂಟಿಕೊಂಡೇ ಇರುತ್ತವೆ. ಉಗುರಿನಿಂದ ಒತ್ತಿದಾಗ ರಸ ಬಂದರೆ ಜೀವಂತ, ಪುಡಿಯಾದರೆ ಸತ್ತದ್ದು. ಚಿಪ್ಪಿನಲ್ಲಿ ಸೂಜಿ ಚುಚ್ಚಿದಂಥ ದುಂಡನೆಯ ರಂಧ್ರವಿದ್ದರೆ ಅದು ಅತ್ಯಂತ ಶುಭಸೂಚನೆ. ಪರತಂತ್ರ ಕಣಜವೊಂದು ಒಳಗೆ ಮೊಟ್ಟೆಯಿಟ್ಟು, ಮರಿ ಕೀಟವನ್ನು ತಿಂದು, ಆ ಕಿಂಡಿಯಿಂದ ಹೊರಗೆ ಹಾರಿದೆ ಎಂದರ್ಥ. ಇಂಥ ರಂಧ್ರಗಳು ಬಹಳವಿರುವ ಮರಕ್ಕೆ ಏನನ್ನೂ ಸಿಂಪಡಿಸದಿರುವುದೇ ಚಿಕಿತ್ಸೆ. ತೆವಳುಮರಿಗಳು ಹೊರಬರುವ ಕಾಲವನ್ನು ತಿಳಿಯಲು ಎರಡೂ ಬದಿ ಅಂಟಿರುವ ಟೇಪನ್ನು ಕೊಂಬೆಗೆ ಸುತ್ತಿ, ವಾರಕ್ಕೊಮ್ಮೆ ಭೂತಗನ್ನಡಿಯಿಂದ ನೋಡಬೇಕು. ಹಳದಿ ಅಥವಾ ಕಿತ್ತಳೆ ಬಣ್ಣದ ಪುಡಿಯಂತೆ ಅವು ಸಿಕ್ಕಿಕೊಂಡಿರುತ್ತವೆ. ಶಾಲೆಗೆ ಹೋಗುವ ಮಕ್ಕಳಿಗೆ ಈ ಕೆಲಸ ವಹಿಸಿದರೆ ಅವರು ನಮಗಿಂತ ಚೆನ್ನಾಗಿ ಮಾಡುತ್ತಾರೆ.

ನಗರದಲ್ಲೇ ಏಕೆ ಹೆಚ್ಚು?

ಕಾಡಿನ ಮರದ ಮೇಲೆಯೂ ಶಲ್ಕಕೀಟಗಳಿರುತ್ತವೆ, ಆದರೆ ವಿರಳವಾಗಿ. ಅಲ್ಲಿ ಕಣಜಗಳು, ಗುಲಗಂಜಿ ಹುಳುಗಳು, ಶಿಲೀಂಧ್ರಗಳು ಅವನ್ನು ಮಿತಿಯಲ್ಲಿಟ್ಟಿರುತ್ತವೆ. ನಗರದಲ್ಲಿ ಈ ಸಮತೋಲ ನಾಲ್ಕಾರು ಕಡೆಗಳಿಂದ ಕದಡುತ್ತದೆ. ಅಮೆರಿಕದ ರ‍್ಯಾಲೇ ನಗರದಲ್ಲಿ ನಡೆದ ಅಧ್ಯಯನಗಳು ಡಾಂಬರು ಮತ್ತು ಕಾಂಕ್ರೀಟಿನಿಂದ ಕಾದ ಬೀದಿಗಳ ಮರಗಳಲ್ಲಿ, ಅದೇ ಊರಿನ ತಂಪು ಭಾಗದ ಮರಗಳಿಗಿಂತ ಶಲ್ಕಕೀಟಗಳು ಬಹುಪಾಲು ಹೆಚ್ಚಿರುವುದನ್ನು ತೋರಿಸಿಕೊಟ್ಟಿವೆ. ರಸ್ತೆಯ ಧೂಳು ಎಲೆಯ ಮೇಲೆ ಕುಳಿತಾಗ ಸಣ್ಣ ಕಣಜಗಳು ಬೇಟೆಯನ್ನು ಹುಡುಕಲಾರವು. ಚಿಪ್ಪಿನೊಳಗಿನ ಕೀಟಕ್ಕೆ ಧೂಳಿನ ಬಾಧೆ ಇಲ್ಲ. ಬುಡದವರೆಗೆ ಟೈಲ್ಸ್ ಹಾಕಿದ ಮರಕ್ಕೆ ನೀರಿಲ್ಲ, ಗಾಳಿಯಿಲ್ಲ. ದೀಪಾವಳಿಗೆ ಬಡಿದ ಮೊಳೆಗಳು, ವರ್ಷವಿಡೀ ಬಿಗಿದಿರುವ ಬಲ್ಬಿನ ಸರಗಳು ಮರವನ್ನು ಇನ್ನಷ್ಟು ಬಳಲಿಸುತ್ತವೆ.

ಇವೆಲ್ಲಕ್ಕಿಂತ ಗಮನಾರ್ಹವಾದ ಸಂಗತಿ ಸೊಳ್ಳೆಯ ಹೊಗೆಯದು. ಕ್ಯಾಲಿಫೋರ್ನಿಯಾದ ಸೌತ್ ಲೇಕ್ ಟಾಹೋ ಎಂಬ ಊರಿನಲ್ಲಿ ಸೊಳ್ಳೆಗಳನ್ನು ಕೊಲ್ಲಲು ಬೇಸಿಗೆಯುದ್ದಕ್ಕೂ ಮೆಲಥಿಯಾನ್ ಮಂಜನ್ನು ಬೀದಿಬೀದಿಗೆ ಬಿಡಲಾಗುತ್ತಿತ್ತು. ಅಲ್ಲಿನ ಪೈನ್ ಮರಗಳಲ್ಲಿ ಶಲ್ಕಕೀಟ ವಿಪರೀತವಾಗಿ ಹೆಚ್ಚಿತು. ಕಾರಣವನ್ನು ಶೋಧಿಸಿದ ಕೀಟವಿಜ್ಞಾನಿಗಳಾದ ಲಕ್ ಮತ್ತು ಡಾಲ್‌ಸ್ಟೆನ್ 1975ರಲ್ಲಿ ಪ್ರಕಟಿಸಿದ ವರದಿಯ ತಾತ್ಪರ್ಯ ಇಷ್ಟು: ಹೊಗೆಯು ಚಿಪ್ಪಿನೊಳಗಿನ ಶಲ್ಕವನ್ನು ತಟ್ಟಲಿಲ್ಲ, ಅದನ್ನು ತಿನ್ನುವ ಕಣಜಗಳನ್ನು ಮಾತ್ರ ಕೊಂದಿತು. ಹೊಗೆ ನಿಲ್ಲಿಸಿದ ಮೇಲೆ ಕಣಜಗಳು ಮರಳಿದವು, ಶಲ್ಕಗಳು ಕುಸಿದವು. ಡೆಂಗಿ, ಮಲೇರಿಯಾಗಳ ಭಯವಿರುವ ನಮ್ಮ ಊರುಗಳಲ್ಲಿ ಹೊಗೆ ಬೇಡವೇ ಬೇಡ ಎನ್ನುವುದು ಸಾಧ್ಯವಿಲ್ಲ. ಆದರೆ ರೋಗದ ಸೂಚನೆಯಿಲ್ಲದಿದ್ದರೂ ವಾರಕ್ಕೊಮ್ಮೆ ಖಾಸಗಿಯಾಗಿ ಹೊಗೆ ಹಾಕಿಸುವ ಸೊಸೈಟಿಗಳು, ನಿಂತ ನೀರನ್ನು ಬರಿದು ಮಾಡುವ ಕಡೆಗೆ ಅದೇ ಹಣವನ್ನು ತಿರುಗಿಸಿದರೆ ಸೊಳ್ಳೆಗೂ ಮರಕ್ಕೂ ಒಳಿತು.

ಮಿತ್ರಕೀಟಗಳು

ಕೀಟದಿಂದಲೇ ಕೀಟವನ್ನು ಗೆಲ್ಲುವ ವಿದ್ಯೆ ಪ್ರಸಿದ್ಧಿಗೆ ಬಂದುದೇ ಶಲ್ಕಕೀಟಗಳ ಪ್ರಸಂಗದಲ್ಲಿ. ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳು ಆಸ್ಟ್ರೇಲಿಯಾ ಮೂಲದ ಹತ್ತಿದಿಂಬಿನ ಶಲ್ಕದಿಂದ ಹಾಳಾಗುತ್ತಿದ್ದಾಗ, 1888ರಲ್ಲಿ ಆಲ್ಬರ್ಟ್ ಕೋಬೆಲೆ ಎಂಬ ಕೀಟತಜ್ಞನು ಆಸ್ಟ್ರೇಲಿಯಾಕ್ಕೆ ಹೋಗಿ ವೆಡಾಲಿಯಾ ಎಂಬ ಗುಲಗಂಜಿ ಹುಳುವನ್ನು ಕಳುಹಿಸಿದನು. ಮೊದಲು ತಲುಪಿದವು 129 ಹುಳುಗಳು. ಒಂದೆರಡು ವರ್ಷಗಳಲ್ಲೇ ತೋಟಗಳು ಉಳಿದವು. 1940ರ ದಶಕದಲ್ಲಿ ಡಿಡಿಟಿ ಬಂದು ಗುಲಗಂಜಿ ಹುಳುಗಳು ಸತ್ತ ಕಡೆಗಳಲ್ಲಿ ಅದೇ ಶಲ್ಕ ಮತ್ತೆ ತಲೆಯೆತ್ತಿತು. ನಮ್ಮ ನೀಲಗಿರಿಯ ವಾಟಲ್ ಮರಗಳಲ್ಲಿ 1928ರಲ್ಲಿ ಈ ಶಲ್ಕ ಕಾಣಿಸಿಕೊಂಡಾಗಲೂ ವೆಡಾಲಿಯಾವನ್ನೇ ತರಿಸಿ ಬಿಡಲಾಯಿತು.

ಭಾರತದ ಮಟ್ಟಿಗೆ ಹೆಚ್ಚು ಬಳಕೆಯಲ್ಲಿರುವುದು ಕ್ರಿಪ್ಟೋಲೀಮಸ್ ಎಂಬ ಆಸ್ಟ್ರೇಲಿಯಾದ ಗುಲಗಂಜಿ ಹುಳು. ಕಾಫಿಯ ಹಸಿರು ತಿಗಣೆಯ ಮೇಲೆ ಪ್ರಯೋಗಿಸಲು 1898ರಲ್ಲಿ ಇದನ್ನು ತರಲಾಯಿತು. ಮುಂದೆ ಹಿಟ್ಟುತಿಗಣೆಗಳ ಶತ್ರುವಾಗಿ ಹೆಸರು ಮಾಡಿತು. ಗುಲಾಬಿ ಹಿಟ್ಟುತಿಗಣೆ 1994ರಲ್ಲಿ ಕೆರೀಬಿಯನ್ ದ್ವೀಪವಾದ ಗ್ರೆನಡಾವನ್ನು ತಲುಪಿ, ದಾಸವಾಳದೊಂದಿಗೆ ಅಲ್ಲಿನ ದೊಡ್ಡ ದೊಡ್ಡ ಮಳೆಮರಗಳನ್ನೂ ಹಿಡಿದಾಗ, ಆ ಭಾಗದವರು ಭಾರತದಿಂದ ಈ ಹುಳುವನ್ನು ತರಿಸಿಕೊಂಡರು. ಮಳೆಮರವು ಅಮೆರಿಕ ಖಂಡದಿಂದ 19ನೆಯ ಶತಮಾನದ ಉತ್ತರಾರ್ಧದಲ್ಲಿ ನಮ್ಮಲ್ಲಿಗೆ ಬಂತು. ನಮ್ಮ ತಿಗಣೆ ಅದರ ತವರಿಗೆ ಹೋಯಿತು. ಹಿಂದೆಯೇ ಮದ್ದೂ ಹೋಯಿತು.

ಇತ್ತೀಚಿನ ದೊಡ್ಡ ಯಶಸ್ಸು ಪರಂಗಿ ಹಿಟ್ಟುತಿಗಣೆಯದು. ಮೆಕ್ಸಿಕೊ ಮೂಲದ ಈ ಕೀಟ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಪರಂಗಿ, ಹಿಪ್ಪುನೇರಳೆಗಳನ್ನಲ್ಲದೆ ದೇವಕಣಗಿಲೆ, ದಾಸವಾಳದಂಥ ಅಲಂಕಾರದ ಗಿಡಗಳನ್ನೂ ಹಾಳುಗೆಡವುತ್ತ ದಕ್ಷಿಣ ಭಾರತದಲ್ಲೆಲ್ಲ ಹರಡಿತು. ಸಿಂಪರಣೆಗಳಿಂದ ಪ್ರಯೋಜನವಾಗಲಿಲ್ಲ. 2010ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿರುವ ಸಂಸ್ಥೆಯು, ಅಂದರೆ ಇಂದಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ, ಪೋರ್ಟೊರಿಕೊದಿಂದ ಮೂರು ಜಾತಿಯ ಪರತಂತ್ರ ಕಣಜಗಳನ್ನು ತರಿಸಿತು. ಅವುಗಳಲ್ಲಿ ಅಸೆರೊಫಾಗಸ್ ಪಪಾಯೆ ಎಂಬ, ಕಣ್ಣಿಗೆ ಕಾಣಿಸಲಾರದಷ್ಟು ಚಿಕ್ಕದಾದ ಕಣಜವು ತಿಂಗಳುಗಳಲ್ಲೇ ಪಿಡುಗನ್ನು ಅಡಗಿಸಿತು. ಕರ್ನಾಟಕದ ಸಂಸ್ಥೆಯೊಂದರಿಂದ ಇಡೀ ದೇಶಕ್ಕೆ ಆದ ಈ ಉಪಕಾರ ಪತ್ರಿಕೆಗಳಲ್ಲಿ ಪಡೆಯಬೇಕಾದಷ್ಟು ಸ್ಥಳವನ್ನು ಪಡೆಯಲಿಲ್ಲವೆಂದು ನಮ್ಮ ಭಾವನೆ.

ಮಿತ್ರಕೀಟವನ್ನು ಶತ್ರುವೆಂದು ಭ್ರಮಿಸುವ ಅಪಾಯವೊಂದುಂಟು. ಕ್ರಿಪ್ಟೋಲೀಮಸ್ ಹುಳುವಿನ ಮರಿಯ ಮೈಮೇಲೂ ಬಿಳಿ ಮೇಣದ ಎಳೆಗಳಿರುವುದರಿಂದ ಅದು ದೊಡ್ಡ ಹಿಟ್ಟುತಿಗಣೆಯಂತೆಯೇ ಕಾಣುತ್ತದೆ. ವ್ಯತ್ಯಾಸ ಚಲನೆಯಲ್ಲಿದೆ: ತಿಗಣೆ ತೂಕಡಿಸುತ್ತ ನಡೆಯುತ್ತದೆ, ಈ ಮರಿ ಸರಸರನೆ ಓಡುತ್ತದೆ. ಇನ್ನೊಂದು ಮಿತ್ರ ಒಂದು ಚಿಟ್ಟೆ. ಎಲೆ ತಿನ್ನದೆ ಹಿಟ್ಟುತಿಗಣೆಗಳನ್ನು ತಿಂದು ಬೆಳೆಯುವ ಅದರ ಕಂಬಳಿಹುಳುವು ಕೋಶಾವಸ್ಥೆಗೆ ಹೋದಾಗ ಥೇಟ್ ಕೋತಿಯ ಮುಖದಂತೆ ಕಾಣುತ್ತದೆ. ದಾಸವಾಳದ ಎಲೆಯ ಮೇಲೆ ಅವರೆಕಾಳಿಗಿಂತ ಚಿಕ್ಕದಾದ ಕೋತಿಮುಖ ಕಂಡರೆ ಅದನ್ನು ಹಾಗೆಯೇ ಬಿಡಿ.

ಇರುವೆಗಳು ಈ ವ್ಯವಸ್ಥೆಯ ಕಳ್ಳಕಾವಲುಗಾರರು. ಸಿಹಿ ಅಂಟಿನ ಆಸೆಗೆ ಅವು ಶಲ್ಕಗಳನ್ನು ಕಾದು, ಗುಲಗಂಜಿ ಹುಳುಗಳನ್ನು ಓಡಿಸುತ್ತವೆ. ಇರುವೆಯನ್ನು ಮರಕ್ಕೆ ಹತ್ತದಂತೆ ತಡೆದರೆ ಅರ್ಧ ಕೆಲಸ ಆದಂತೆ. ಕಾಂಡಕ್ಕೆ ಎದೆಯೆತ್ತರದಲ್ಲಿ ಬಟ್ಟೆ ಅಥವಾ ಪ್ಲಾಸ್ಟಿಕ್ ಪಟ್ಟಿಯನ್ನು ಸುತ್ತಿ, ಆ ಪಟ್ಟಿಯ ಮೇಲೆ ಗ್ರೀಸನ್ನೋ ಅಂಟನ್ನೋ ಬಳಿಯಬೇಕು. ನೇರವಾಗಿ ತೊಗಟೆಗೆ ಗ್ರೀಸ್ ಬಳಿಯುವುದು ಮರಕ್ಕೆ ಹಾನಿಕರ. ಕೊಂಬೆಯೊಂದು ಗೋಡೆಗೋ ವಿದ್ಯುತ್ ತಂತಿಗೋ ತಾಗಿದ್ದರೆ ಪಟ್ಟಿಯಿಂದ ಉಪಯೋಗವಿಲ್ಲ, ಇರುವೆಗೆ ಅದೇ ಸೇತುವೆ. ಎಲ್ಲೆಡೆ ರೂಢಿಯಲ್ಲಿರುವ ಸುಣ್ಣ ಮತ್ತು ಕೆಮ್ಮಣ್ಣಿನ ಪಟ್ಟೆ ನೋಡಲು ಅಂದವೇ ಹೊರತು ಮೇಲಿನ ಕೊಂಬೆಗಳ ಶಲ್ಕಗಳಿಗೆ ಅದರಿಂದ ಏನೂ ಆಗುವುದಿಲ್ಲ.

ಕತ್ತರಿ, ನೀರು, ಸಾಬೂನು, ಎಣ್ಣೆ

ಸಣ್ಣ ಗಿಡಗಳಲ್ಲಿ ಬಾಧೆ ಆರಂಭದಲ್ಲಿಯೇ ಕಂಡರೆ ಆ ಕುಡಿಗಳನ್ನು ಕತ್ತರಿಸಿ ತೆಗೆಯುವುದೇ ಸಾಕು. ಕತ್ತರಿಸಿದ್ದನ್ನು ಆವರಣದುದ್ದಕ್ಕೂ ಎಳೆದುಕೊಂಡು ಹೋಗದೆ ಅಲ್ಲಿಯೇ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೆಲವು ದಿನ ಬಿಸಿಲಿಗಿಟ್ಟು ಆಮೇಲೆ ಕಸಕ್ಕೆ ಕೊಡಬೇಕು. ತರಗೆಲೆ, ಕೊಂಬೆಗಳನ್ನು ಬಯಲಿನಲ್ಲಿ ಸುಡುವುದನ್ನು ನಗರಗಳ ಕಸದ ನಿಯಮಗಳು ನಿಷೇಧಿಸಿವೆ. ಕತ್ತರಿಯನ್ನು ಮುಂದಿನ ಗಿಡಕ್ಕೆ ಒಯ್ಯುವ ಮುನ್ನ ಒರೆಸುವುದನ್ನು ಮಾಲಿಗೆ ಹೇಳಿಕೊಡಬೇಕು.

ಪೈಪಿನ ರಭಸದ ನೀರು ಹಿಟ್ಟುತಿಗಣೆಗಳನ್ನೂ ತೆವಳುಮರಿಗಳನ್ನೂ ಧೂಳನ್ನೂ ಒಟ್ಟಿಗೆ ತೊಳೆಯುತ್ತದೆ. ಜೋರು ಮಳೆ ಮಾಡುವುದೂ ಇದನ್ನೇ. ಜೊತೆಗೆ ಮಳೆಗಾಲದ ತೇವದಲ್ಲಿ ಲೆಕಾನಿಸಿಲಿಯಂ ಎಂಬ ಬಿಳಿ ಶಿಲೀಂಧ್ರವು ಮೃದುಶಲ್ಕಗಳನ್ನು ಕೊಲ್ಲುತ್ತದೆ; ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಸತ್ತ ಹಸಿರು ತಿಗಣೆಯ ಸುತ್ತ ಬಿಳಿ ಅಂಚು ಕಟ್ಟಿರುವುದು ಅದರ ಗುರುತು. ಆದಕಾರಣ ಮುಂಬಯಿ, ಪುಣೆಯಲ್ಲಿ ಬಾಧೆ ಏರುವುದು ಹೋಳಿಯಿಂದ ಮಳೆಗಾಲದ ಆರಂಭದವರೆಗೆ. ಚೆನ್ನೈಯಲ್ಲಿ ದೊಡ್ಡ ಮಳೆ ಅಕ್ಟೋಬರಿನ ನಂತರ ಬರುವುದರಿಂದ ಅಲ್ಲಿ ಎಚ್ಚರದ ಅವಧಿ ಇನ್ನೂ ಉದ್ದ. ದೆಹಲಿಯ ಚಳಿಗಾಲದಲ್ಲಿ ಎಲ್ಲವೂ ನಿಧಾನ.

ಸಿಂಪರಣೆ ಅನಿವಾರ್ಯವಾದಾಗ ಮೊದಲು ಯೋಚಿಸಬೇಕಾದುದು ಸಾಬೂನು ಮತ್ತು ಎಣ್ಣೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬೇವಿನ ಸಾಬೂನು ಮತ್ತು ಹೊಂಗೆ ಸಾಬೂನುಗಳನ್ನು ರೂಪಿಸಿದೆ. ಕಟ್ಟಿನ ಮೇಲೆ ಬರೆದ ಪ್ರಮಾಣದಲ್ಲಿ ನೀರಿಗೆ ಕರಗಿಸಬೇಕು. ಅದು ಸಿಗದ ಕಡೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ ಮತ್ತು ಎಣ್ಣೆ ಬೆರೆಯುವಷ್ಟು ಮೆದು ಸಾಬೂನು ಸಾಮಾನ್ಯ ರೂಢಿ. ಇವು ವಿಷದಿಂದ ಕೊಲ್ಲುವುದಕ್ಕಿಂತ ಹೆಚ್ಚಾಗಿ ಕೀಟದ ಉಸಿರಿನ ರಂಧ್ರಗಳನ್ನು ಮುಚ್ಚಿ, ಮೇಣವನ್ನು ಕದಡಿ ಕೊಲ್ಲುತ್ತವೆ. ಆದ್ದರಿಂದ ಮೈಗೆ ತಾಗಿದರೆ ಮಾತ್ರ ಫಲ. ಎಲೆಯ ಅಡಿಭಾಗ, ಕೊಂಬೆಯ ಸಂದುಗಳು ತೋಯಬೇಕು. ತೆವಳುಮರಿಗಳು ಹೊರಬಂದ ವಾರದಲ್ಲಿ ಒಮ್ಮೆ, ಹತ್ತು ಹನ್ನೆರಡು ದಿನಗಳ ಬಳಿಕ ಇನ್ನೊಮ್ಮೆ ಮಾಡಿದರೆ, ಬೆಳೆದ ಚಿಪ್ಪುಗಳ ಮೇಲೆ ಹತ್ತು ಸಲ ಸುರಿದುದಕ್ಕಿಂತ ಹೆಚ್ಚಿನ ಪರಿಣಾಮವಿರುತ್ತದೆ. ಸುಡುಬಿಸಿಲಿನಲ್ಲಿ, ಉಷ್ಣತೆ 35 ಡಿಗ್ರಿ ದಾಟಿದಾಗ, ಮರ ನೀರಿಲ್ಲದೆ ಬಾಡಿರುವಾಗ ಎಣ್ಣೆ ಹೊಡೆದರೆ ಎಲೆ ಸುಡುತ್ತದೆ. ಮೊದಲು ಒಂದು ಕೊಂಬೆಗೆ ಹೊಡೆದು ಎರಡು ದಿನ ಕಾದು ನೋಡುವುದು ಲೇಸು.

ರಾಸಾಯನಿಕಗಳ ಮಾತು

ಇಮಿಡಾಕ್ಲೋಪ್ರಿಡ್‌ನಂಥ ಅಂತರ್ವ್ಯಾಪಿ ಕೀಟನಾಶಕಗಳು ರಸನಾಳದಲ್ಲಿ ಹರಿಯುವುದರಿಂದ ಮೃದುಶಲ್ಕ ಮತ್ತು ಹಿಟ್ಟುತಿಗಣೆಗೆ ನಾಟುತ್ತವೆ. ಕವಚಶಲ್ಕವು ರಸನಾಳದಿಂದಲ್ಲದೆ ತೊಗಟೆಯ ಜೀವಕೋಶಗಳಿಂದ ಆಹಾರ ಪಡೆಯುವುದರಿಂದ ಅದಕ್ಕೆ ಇವು ಬಹುಮಟ್ಟಿಗೆ ತಾಗುವುದೇ ಇಲ್ಲ. ಬದಲಿಗೆ ಜೇಡನುಸಿಗಳು ಹೆಚ್ಚುತ್ತವೆ. ಹೂಬಿಡುವ ಮರಕ್ಕೆ ಕೊಟ್ಟರೆ ವಿಷವು ಮಕರಂದಕ್ಕೂ ಸೇರಿ ಜೇನ್ನೊಣಗಳಿಗೆ ಅಪಾಯವಾಗುತ್ತದೆ. ಯುರೋಪಿನ ಒಕ್ಕೂಟವು 2018ರಲ್ಲಿ ಇದರ ಹೊರಾಂಗಣ ಬಳಕೆಯನ್ನು ನಿಷೇಧಿಸಿದ್ದು ಈ ಕಾರಣದಿಂದಲೇ.

ಹಳೆಯ ಕೈಪಿಡಿಗಳನ್ನು ನೋಡಿ ಔಷಧಿ ತರುವವರಿಗೆ ಒಂದು ಮಾತು. ಹಿಟ್ಟುತಿಗಣೆಗೆಂದು ಅವುಗಳಲ್ಲಿ ಬರೆದಿರುವ ಡೈಕ್ಲೋರ್ವಾಸ್ ಭಾರತದಲ್ಲಿ 2020ರ ಡಿಸೆಂಬರ್ 31ರಿಂದ ನಿಷಿದ್ಧ. ಗುತ್ತಿಗೆದಾರರು ಹೆಸರಿಲ್ಲದ ಬಾಟಲಿಯಿಂದ ಏನನ್ನೋ ಬೆರೆಸುವುದನ್ನು ಸೊಸೈಟಿಯ ಕಾರ್ಯದರ್ಶಿಗಳು ಒಪ್ಪಬಾರದು. ಔಷಧಿಯ ಹೆಸರು, ಲೇಬಲ್ಲು, ಪ್ರಮಾಣ ಬರಹದಲ್ಲಿರಲಿ. ಅರವತ್ತು ಅಡಿ ಎತ್ತರದ ಮರಕ್ಕೆ ಕೆಳಗಿನಿಂದ ಪಂಪು ಹೊಡೆದರೆ ತುದಿಗೆ ಮುಟ್ಟುವುದು ಕಡಿಮೆ, ಎರಡನೆಯ ಮಹಡಿಯ ಅಡುಗೆಮನೆಯ ಕಿಟಕಿಗೆ ಮುಟ್ಟುವುದೇ ಹೆಚ್ಚು. ಅಂಥ ಮರಕ್ಕೆ ಸಿಂಪರಣೆಯ ಯೋಚನೆಯನ್ನು ಬಿಟ್ಟು ಇರುವೆಯ ತಡೆ, ಬೇರಿನ ಆರೈಕೆ, ಗುಲಗಂಜಿ ಹುಳುಗಳು ಈ ಮೂರನ್ನೇ ನೆಚ್ಚಿಕೊಳ್ಳುವುದು ಸರಿ. ಕ್ರಿಪ್ಟೋಲೀಮಸ್ ಹುಳುಗಳನ್ನು ಜೈವಿಕ ಹತೋಟಿಯ ಪ್ರಯೋಗಾಲಯಗಳಿಂದ ತರಿಸಿ ಸಂಜೆಯ ತಂಪಿನಲ್ಲಿ ಬಿಡಬೇಕು. ಅದಕ್ಕೆ ಎರಡು ಮೂರು ವಾರ ಮೊದಲಿನಿಂದಲೂ, ಆಮೇಲೂ ವಿಷ ಬೀಳಕೂಡದು. ಕವಚಶಲ್ಕದ ಮೇಲೆ ಇವು ಹೆಚ್ಚು ಪ್ರಯೋಜನಕಾರಿಯಲ್ಲ.

ಬೇರಿನ ಆರೈಕೆ ಮತ್ತು ಕಾನೂನು

ಬುಡದ ಸುತ್ತ ಕನಿಷ್ಠ ಒಂದು ಮೀಟರಿನಷ್ಟಾದರೂ ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ದೆಹಲಿಯ ಮರಗಳ ಬಗೆಗೆ 2013ರಲ್ಲಿ ಆದೇಶಿಸಿತು. ಇತರ ನಗರಗಳ ಸೊಸೈಟಿಗಳೂ ಆ ಅಳತೆಯನ್ನು ಹಿಡಿಯಬಹುದು. ತೆಗೆಯುವಾಗ ಯಂತ್ರದ ಬದಲು ಕೈಯಿಂದ ತೆಗೆಸಿದರೆ ಬೇರು ತುಂಡಾಗುವುದಿಲ್ಲ. ಬೇಸಿಗೆಯಲ್ಲಿ ದಿನವೂ ಒಂದು ಬಕೆಟ್ ಸುರಿಯುವುದಕ್ಕಿಂತ ವಾರಕ್ಕೊಮ್ಮೆ ಆಳಕ್ಕೆ ಇಳಿಯುವಂತೆ, ಕಾಂಡದಿಂದ ದೂರಕ್ಕೆ, ಕೊಂಬೆಗಳ ನೆರಳು ಬೀಳುವ ವಲಯದಲ್ಲಿ ನೀರು ಕೊಡಬೇಕು. ಸೊರಗಿದ ಮರಕ್ಕೆ ಯೂರಿಯಾ ಹಾಕುವ ಉತ್ಸಾಹ ಬೇಡ. ಹೆಚ್ಚಿದ ಸಾರಜನಕದಿಂದ ಬರುವ ಮೆದು ಚಿಗುರು ರಸಹೀರುವ ಕೀಟಗಳಿಗೆ ಔತಣವಾಗುತ್ತದೆ. ಎಲೆಗೊಬ್ಬರ, ತರಗೆಲೆಯ ಹೊದಿಕೆ ಸಾಕು.

ಕೊಂಬೆ ಸವರುವ ಮುನ್ನ ಅನುಮತಿಯ ವಿಷಯವನ್ನು ಮರೆಯಬಾರದು. ಮಹಾರಾಷ್ಟ್ರದ ನಗರಗಳಿಗೆ 1975ರ, ಕರ್ನಾಟಕಕ್ಕೆ 1976ರ, ದೆಹಲಿಗೆ 1994ರ ವೃಕ್ಷಸಂರಕ್ಷಣಾ ಕಾಯಿದೆಗಳು ಅನ್ವಯಿಸುತ್ತವೆ. ಮರ ಖಾಸಗಿ ಆವರಣದೊಳಗಿದ್ದರೂ ಸೊಸೈಟಿಯ ಠರಾವಿನಿಂದಷ್ಟೇ ಅದನ್ನು ಕಡಿಯುವಂತಿಲ್ಲ. ಮುಂಬಯಿಯಲ್ಲಿ ಅರ್ಜಿಯನ್ನು ವಾರ್ಡಿನ ಉದ್ಯಾನ ವಿಭಾಗಕ್ಕೆ ಸಲ್ಲಿಸಬೇಕು. ಅರ್ಜಿಯೊಂದಿಗೆ ಬಾಧಿತ ಕೊಂಬೆಯ ಛಾಯಾಚಿತ್ರವನ್ನೂ, ಸಾಧ್ಯವಾದರೆ ಕೃಷಿ ವಿಶ್ವವಿದ್ಯಾಲಯವೊಂದರ ಕೀಟಶಾಸ್ತ್ರ ವಿಭಾಗದ ಅಭಿಪ್ರಾಯವನ್ನೂ ಲಗತ್ತಿಸುವುದು ಒಳ್ಳೆಯದು. ಎಲೆಯಿಲ್ಲದೆ ನಿಂತ ಮರ ಸತ್ತಿದೆಯೇ ಎಂದು ತಿಳಿಯಲು ತೆಳು ಕೊಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಒಂದು ಮಳೆಗಾಲ ಕಾಯಬೇಕು. ಹಸಿರೇ ಇಲ್ಲದಿದ್ದರೆ ಒಣಕೊಂಬೆ ಬಿದ್ದು ಅನಾಹುತವಾಗುವ ಮುನ್ನ ತೆಗೆಸುವುದು ಅವಶ್ಯ. ಆ ಗುಂಡಿಯಲ್ಲಿ ಮತ್ತೆ ಅದೇ ಜಾತಿಯ ಸಸಿಯನ್ನು ನೆಡದೆ ಹೊಂಗೆ, ಬಕುಳ, ತಾಮಣಗಳಂಥ ಬೇರೊಂದನ್ನು ಆರಿಸಿ. ನರ್ಸರಿಯಿಂದ ತರುವಾಗ ಎಲೆಯ ಅಡಿಭಾಗವನ್ನು ತಿರುಗಿಸಿ ನೋಡಿ ತನ್ನಿ.